ಮೀಟರಿನಲ್ಲಿ ನಲವತ್ತೊಂದು

ಸಿಗರೇಟು ಬಿಟ್ಟು ಮೂರು ವಾರವಾದ ಮನುಷ್ಯನಿಗೆ ಹೆದರಿಕೆ ಯಾಕೆ ಬೇಕು ಹೇಳಿ? ಆದರೂ ಆ ಮಂಗಳವಾರ ಬೆಳಿಗ್ಗೆ ಚಿಮಣಿಯಣ್ಣನಿಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಎದೆಯಲ್ಲಿ ಏನೋ ಅಳುಕು. ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ತಳ್ಳುತ್ತಾ ಒಂದೇ ಸಮನೆ ಹೊಗೆ ಬಿಟ್ಟಿದ್ದಕ್ಕೆ ಜೊತೆಯವರು ಇಟ್ಟ ಹೆಸರು ಅದು. ಹೊಗೆ ನಿಂತಿತು, ಹೆಸರು ನಿಲ್ಲಲಿಲ್ಲ.

ಬಿಡಿಸಿದ್ದು ಮಗಳು. ಗಂಡ ಹಡಗಿನ ಕೆಲಸಕ್ಕೆ ಹೋದಮೇಲೆ ಅವಳು ಅಪ್ಪನ ಒಂಟಿ ಕೋಣೆಗೆ ಬಂದು ಹೆತ್ತಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿ ಒಂದು ಹಿಡಿಯಷ್ಟಿತ್ತು. "ನಿನ್ನ ಮೈಯೆಲ್ಲಾ ಹೊಗೆ. ಮೀಟರಮ್ಮನ ಮೀಟರು ಆರಕ್ಕಿಂತ ಕೆಳಗೆ ತೋರಿಸೋವರೆಗೂ ನನ್ನ ಮಗೂನ ಮುಟ್ಬೇಡ," ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಅಜ್ಜನಾದರೂ ಮೊಮ್ಮಗಳನ್ನು ಕೋಣೆಯ ಆ ಮೂಲೆಯಿಂದಲೇ ನೋಡುವ ಪಾಡು ಅವನದಾಯಿತು.

ಮೀಟರಮ್ಮ ಅಂದರೆ ಮಂಗಳವಾರ ಬಂದು ಲಾಂಡ್ರಿಯ ಊಟದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂರುವ ನರ್ಸು. ಈ ಜನ ಆಸ್ಪತ್ರೆಗೆ ಹೋದರೆ ಅರ್ಧ ದಿನದ ಕೂಲಿ ಖೋತಾ, ಹಾಗಾಗಿ ಅವಳೇ ಬರುತ್ತಾಳೆ. ಉಪದೇಶ ಕೊರೆಯುವವಳಲ್ಲ. ಅಂಗೈಯಲ್ಲಿ ಹಿಡಿಯುವ ಒಂದು ಯಂತ್ರಕ್ಕೆ ಊದಿಸುತ್ತಾಳೆ. ಉಸಿರಿನಲ್ಲಿ ಹೊಗೆಯ ವಿಷ ಎಷ್ಟಿದೆ ಅಂತ ಅದು ಹೇಳುತ್ತದೆ. ಸೇದುತ್ತಿದ್ದಾಗ ಚಿಮಣಿಯಣ್ಣನದು ಇಪ್ಪತ್ನಾಲ್ಕಿತ್ತು. ಬಿಟ್ಟ ವಾರಕ್ಕೇ ಒಂಬತ್ತಕ್ಕಿಳಿಯಿತು. ಕಳೆದ ಮಂಗಳವಾರ ಅವಳು ಬಂದಿರಲಿಲ್ಲ. ಇವತ್ತು ಆರರ ಕೆಳಗೆ ಬಂದೇ ಬರುತ್ತದೆ ಅಂತ ಅವನು ಉಸಿರು ಬಿಗಿಹಿಡಿದು ಊದಿದ.

ನಲವತ್ತೊಂದು.

"ಅಯ್ಯೋ, ಚಿಮಣಿ ಯಾವತ್ತಿದ್ರೂ ಚಿಮಣೀನೇ!" ಹಿಂದೆ ನಿಂತಿದ್ದ ಬಟ್ಟೆ ಮಡಿಸುವವನು ನಕ್ಕ. ಸಾಲಿಗೆ ಸಾಲೇ ನಕ್ಕಿತು.

"ಒಂದೆರಡು ಎಳೆದಿದ್ರೆ ಹೇಳಣ್ಣ. ನಾನೇನೂ ಬೈಯಲ್ಲ," ಎಂದಳು ಮೀಟರಮ್ಮ.

"ಇಲ್ಲಮ್ಮಾ, ಒಂದೂ ಇಲ್ಲ. ಮಗು ಮೇಲೆ ಆಣೆ." ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಅಂಥ ಆಣೆ ಯಾಕಾದರೂ ಬಾಯಿಗೆ ಬಂತೋ!

ಮೀಟರಮ್ಮ ತಾನೇ ಒಮ್ಮೆ ಊದಿದಳು. ಎರಡು. ಯಂತ್ರ ಸರಿಯಾಗಿಯೇ ಇತ್ತು. ಅವನಿಂದ ಮತ್ತೆ ಊದಿಸಿದಳು. ಮತ್ತೆ ನಲವತ್ತೊಂದು. ಅವಳ ಮುಖ ಗಂಭೀರವಾಯಿತು.

"ತಲೆನೋವಿದೆಯಾ?"

"ಇದೆ. ಬಿಟ್ಟವರಿಗೆಲ್ಲ ಬರುತ್ತೆ ಅಂತ ನೀವೇ ಹೇಳಿದ್ರಲ್ಲ."

"ಮನೇಲಿ ಬೇರೆ ಯಾರಿಗಾದ್ರೂ?"

"ಮಗಳಿಗೂ ಇದೆ. ಬಾಣಂತಿ ಅಲ್ವಾ, ನಿದ್ದೆಗೇಡು."

"ಮಗು ಹೇಗಿದೆ?"

"ಬಂಗಾರದಂಥ ಮಗು. ಎರಡು ದಿನದಿಂದ ಅತ್ತೇ ಇಲ್ಲ. ಹಾಲಿಗೆ ಎಬ್ಬಿಸಿದ್ರೂ ಏಳಲ್ಲ, ಅಷ್ಟು ನಿದ್ದೆ," ಎಂದ, ಹೆಮ್ಮೆಯಿಂದಲೇ.

ಮೀಟರಮ್ಮ ಎದ್ದು ನಿಂತಳು. "ನಿಮ್ಮ ಕೋಣೆ ಎಲ್ಲಿ?"

"ಇಲ್ಲೇ ಹಿತ್ತಲಲ್ಲಿ, ಬಾಯ್ಲರಿನ ಗೋಡೆಗೆ ಅಂಟಿಕೊಂಡು. ಬೆಚ್ಚಗಿರುತ್ತೆ."

"ಕಿಟಕಿ?"

ಆ ಕಿಟಕಿಯ ಕತೆ ಕೇಳಿ. ಮೂವತ್ತು ವರ್ಷ ಅವನು ಅದರ ಮುಂದೆಯೇ ನಿಂತು ಸೇದಿದ್ದ, ಚಳಿಯಿರಲಿ ಸೆಕೆಯಿರಲಿ ಅದು ಮುಚ್ಚಿದ್ದೇ ಇಲ್ಲ. ಸೇದುವುದು ಬಿಟ್ಟಮೇಲೆ ತೆರೆದ ಕಿಟಕಿ ಯಾರಿಗೆ ಬೇಕು? ಹೋದ ವಾರ ಚಳಿ ಕೊರೆಯತೊಡಗಿದಾಗ ಎಳೆಮಗುವಿಗೆ ಗಾಳಿ ತಾಗಬಾರದೆಂದು ತಾನೇ ಸಂದಿಗೊಂದಿಗೆಲ್ಲ ಚಿಂದಿ ತುರುಕಿ, ಮೇಲೆ ಕಾಗದ ಅಂಟಿಸಿದ್ದ. ಮಗಳು ಹೊಗಳಿದ್ದಳು ಕೂಡ. ಅದನ್ನೇ ಹೇಳಿದ.

"ಬಾಯ್ಲರಿನ ಹೊಗೆಗೊಳವೆ ಎಲ್ಲೋ ಒಡೆದಿದೆ," ಎಂದಳು ಮೀಟರಮ್ಮ. "ಸಿಗರೇಟಿನ ಹೊಗೇಲಿರೋ ವಿಷವೇ ಅದರಲ್ಲೂ ಇರೋದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಓಡಣ್ಣ!"

ಅವನು ಓಡಿದ. ಇಸ್ತ್ರಿಯ ಸಾಲು ದಾಟಿ, ಚಾದರದ ಗಾಡಿಗಳನ್ನು ತಳ್ಳಿ, ಅಂಗಳದ ನೀರಿನಲ್ಲಿ ಜಾರಿ ಬಿದ್ದು ಎದ್ದು ಓಡಿದ. ಚಳಿ ಬರುತ್ತದೆ, ಚಿಲಕ ಹಾಕಿಕೋ ಅಂತ ಬೆಳಿಗ್ಗೆ ಮಗಳಿಗೆ ಹೇಳಿ ಬಂದವನೂ ಇವನೇ. ಬಾಗಿಲು ಬಡಿದ. ಕೂಗಿದ. ಗೋಡೆಯಾಚೆ ಬಾಯ್ಲರು ಗುಂಯ್ ಅನ್ನುತ್ತಿತ್ತು, ಒಳಗಿಂದ ಒಂದು ಸದ್ದಿಲ್ಲ. ನಕ್ಕಿದ್ದ ಮಡಿಸುವವನೇ ಬೆನ್ನ ಹಿಂದೆ ಓಡಿಬಂದು ಹೆಗಲು ಕೊಟ್ಟ. ಇಬ್ಬರೂ ಸೇರಿ ಗುದ್ದಿದ ಮೂರನೆಯ ಗುದ್ದಿಗೆ ಚಿಲಕ ಕಿತ್ತುಬಂತು.

ಒಳಗೆ ಹಿತವಾಗಿ ಬೆಚ್ಚಗಿತ್ತು. ಮಗಳು ಚಾಪೆಯ ಮೇಲೆ ಅರೆಗಣ್ಣು ಬಿಟ್ಟು ಮಲಗಿದ್ದಳು, ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮಡಿಸುವವನು ಅವಳನ್ನು ಎಳೆದುಕೊಂಡು ಹೊರಗೋಡಿದ. ಬಟ್ಟೆಯ ಬುಟ್ಟಿಯಲ್ಲಿ ಮಗು ಮಲಗಿತ್ತು, ಕೆನ್ನೆ ಕೆಂಪಗೆ, ಮೈ ತುಂಬ ಆರೋಗ್ಯ ಅನ್ನುವ ಹಾಗೆ. ಚಿಮಣಿಯಣ್ಣ ಬಗ್ಗಿದವನು, ಏನು ಹೇಳಲಿ, ಕೈ ಚಾಚಿ ನಿಂತುಬಿಟ್ಟ. ಮುಟ್ಟಬೇಡ ಅಂದಿದ್ದಳಲ್ಲ! ಅರೆಗಳಿಗೆ ಅಷ್ಟೇ. ಆಮೇಲೆ ಬಾಚಿ ಎತ್ತಿಕೊಂಡ. ಮಗು ಹಿಂಡಿದ ಬಟ್ಟೆಯ ಹಾಗೆ ಜೋತುಬಿತ್ತು.

ಅಂಗಳದ ಚಳಿಗಾಳಿಯಲ್ಲಿ ಮೀಟರಮ್ಮ ಮಗುವನ್ನು ಕಸಿದುಕೊಂಡು ಬಾಯಿಗೆ ಬಾಯಿಟ್ಟು ಊದಿದಳು. ಮತ್ತೆ ಊದಿದಳು. ಆ ಹೊತ್ತು ಎಷ್ಟು ಉದ್ದವಿತ್ತೆಂದು ಅವನಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಆಂಬುಲೆನ್ಸು ಬಂದಾಗ ಮಗು ಒಮ್ಮೆ ಕುಂಯ್ ಅಂದಿತ್ತು, ಅಷ್ಟೆ.

ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರು, "ಇಬ್ಬರ ಜೀವಕ್ಕೂ ಭಯ ಇಲ್ಲ. ಮಗುವಿನ ಮಿದುಳಿಗೆ ಏನಾದ್ರೂ ತಾಗಿದೆಯಾ ಅನ್ನೋದು ಬೆಳೀತಾ ಬೆಳೀತಾ ಗೊತ್ತಾಗಬೇಕು," ಎಂದರು. ಚಿಮಣಿಯಣ್ಣ ಮಂಚದ ಬುಡದಲ್ಲಿ ನಿಂತು, "ಕಿಟಕಿ ಮುಚ್ಚಿದ್ದು ನಾನೇ ಕಣಮ್ಮಾ," ಎಂದ.

ಮಗಳು ಮಗುವನ್ನು ಎತ್ತಿ ಅವನ ಕಡೆ ಚಾಚಿದಳು. "ತಗೋ ಅಪ್ಪಾ."

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಮೀಟರು ಆರಕ್ಕಿಂತ ಕೆಳಗಿಳೀಲಿ, ಆಮೇಲೆ."

"ಬೆಳಿಗ್ಗೆ ಊದಿಸಿದ್ರಲ್ಲಪ್ಪಾ. ಮೂರಿತ್ತು."

ಹೌದು, ಮೂರಿತ್ತು. ಮೀಟರಮ್ಮ ಚೀಟಿ ಬರೆದು ಅವನ ಜೇಬಿಗೇ ಹಾಕಿದ್ದಳು. ಆದರೂ ಅವನ ಕೈ ಮುಂದೆ ಬರಲಿಲ್ಲ.