ಹಳದಿ ಚೀಟಿ

ನನ್ನ ಕೆಲಸವೇ ಅನುಮಾನ ಪಡುವುದು. ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಕೂತು, ನಮ್ಮ ಕಂಪ್ಯೂಟರುಗಳೊಳಗೆ ಹೊರಗಿನವರು ಯಾರಾದರೂ ನುಸುಳಿದ್ದಾರೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ. ಇಲ್ಲಿ ಒತ್ತಿದರೆ ಎಲ್ಲೋ ದೂರದ ಲೈನಿನಲ್ಲಿ ಕರೆಂಟು ಹರಿಯುತ್ತದೆ, ನಿಲ್ಲುತ್ತದೆ. ಆ ಲೈನುಗಳ ಕಂಬ ಹತ್ತುತ್ತಿದ್ದವನು ನನ್ನ ಅಣ್ಣ.

"ಹಾವಿಲ್ಲದ ಬುಟ್ಟಿ ಕಾಯೋಕೆ ನಿನಗೆ ಎಸಿ ರೂಮು. ನನಗೆ ಮಾತ್ರ ಬಿಸಿಲು," ಎಂದು ರೇಗಿಸುತ್ತಿದ್ದ.

"ಹಾವು ಬಂದ ದಿನ ಗೊತ್ತಾಗುತ್ತೆ, ಬಿಡು," ಎನ್ನುತ್ತಿದ್ದೆ.

ಇಬ್ಬರಿಗೂ ಬಾಯಿ ಜೋರು. ಆದರೂ ನನ್ನ ಕೆಲಸಕ್ಕೊಂದು ಬೆಲೆಯಿದೆ ಎಂದು ಅವನು ಒಂದೇ ಒಂದು ಸಲ ಒಪ್ಪಲಿ ಎಂಬ ಆಸೆ ನನಗೆ ಬಹಳ ಇತ್ತು.

ಲೈನಿನ ಮೇಲೆ ಜನ ಕೆಲಸ ಮಾಡುವಾಗ ಪರದೆಯಲ್ಲಿ ಅದರ ಸ್ವಿಚ್ಚಿಗೆ ಒಂದು ಹಳದಿ ಚೀಟಿ ಅಂಟಿಸುತ್ತೇವೆ. ಕಾಗದದ್ದಲ್ಲ, ಬರೀ ಚಿತ್ರ. ಅದಿರುವಷ್ಟು ಹೊತ್ತು ಯಾರು ಒತ್ತಿದರೂ ಸ್ವಿಚ್ಚು ಆನ್ ಆಗುವುದಿಲ್ಲ. ಅದು ಸಾಲದೆಂದು ಲೈನ್‌ಮನ್‌ಗಳು ತಂತಿಗೆ ಅರ್ಥಿಂಗ್ ಸರಪಳಿಯನ್ನೂ ಸಿಕ್ಕಿಸಬೇಕು; ಅಪ್ಪಿತಪ್ಪಿ ಕರೆಂಟು ಬಂದರೂ ನೆಲಕ್ಕಿಳಿದು ಹೋಗುತ್ತದೆ.

ಹೊರಗಿನಿಂದ ನಮ್ಮ ಕಂಪ್ಯೂಟರುಗಳೊಳಗೆ ಬರುವ ಒಂದು ದಾರಿ ಮಾತ್ರ ಸದಾ ತೆರೆದೇ ಇತ್ತು. ಯಂತ್ರ ಮಾರಿದ ಕಂಪನಿಯವರು ಕೂತಲ್ಲಿಂದಲೇ ರಿಪೇರಿ ಮಾಡಲೆಂದು ಇಟ್ಟುಕೊಂಡಿದ್ದ ದಾರಿ. ಮುಚ್ಚಿಸಿ ಎಂದು ಸಾಹೇಬರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. "ನೋಡೋಣಮ್ಮ," ಎನ್ನುವುದು ಬಿಟ್ಟು ಅವರಿಗೆ ಬೇರೆ ಉತ್ತರ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದೆ. ಪಕ್ಕದ ಆಪರೇಟರನ ಪರದೆಯಲ್ಲಿ ಮೌಸಿನ ಬಾಣ ತಾನಾಗಿ ಸರಿಯಿತು. ಅವನ ಎರಡೂ ಕೈ ತೊಡೆಯ ಮೇಲಿದ್ದವು. ಬಾಣ ಅಂದು ಅಣ್ಣ ಕಂಬ ಹತ್ತಿದ್ದ ಲೈನಿನ ಬಳಿ ಹೋಗಿ ಹಳದಿ ಚೀಟಿಯನ್ನು ತೆಗೆದುಹಾಕಿತು.

"ನೆಟ್‌ವರ್ಕ್ ಕೇಬಲ್ ಕೀಳ್ತೀನಿ!" ಎಂದು ಚೀರಿದೆ.

"ತಡಿಯಮ್ಮ, ಕಿತ್ರೆ ಯಾವ ಸ್ಟೇಷನ್ನೂ ನಮಗೆ ಕಾಣಲ್ಲ," ಎಂದರು ಸಾಹೇಬರು.

ಕೇಳಲಿಲ್ಲ, ಕಿತ್ತೆ. ಅಷ್ಟರಲ್ಲಿ ಸ್ವಿಚ್ಚು ಆನ್ ಆಗಿಬಿಟ್ಟಿತ್ತು. ಅಣ್ಣನಿಗೆ ಫೋನ್ ಮಾಡಿದೆ. ಕಂಬ ಹತ್ತುವವರು ಫೋನನ್ನು ಗಾಡಿಯಲ್ಲೇ ಬಿಡಬೇಕೆಂಬುದು ನಿಯಮ. ಅದು ರಿಂಗಾಗುತ್ತಲೇ ಇತ್ತು. ಅರ್ಥಿಂಗ್ ಇದೆಯಲ್ಲ, ಅರ್ಥಿಂಗ್ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಶವಾಗಾರದ ಹೊರಗೆ ಅತ್ತಿಗೆ ಬೆಂಚಿನ ಮೇಲೆ ಕಲ್ಲಾಗಿ ಕೂತಿದ್ದರು. ಸಾಹೇಬರು ಬಂದು, ಆ ದಾರಿ ಮುಚ್ಚಿಸಿದೆವು ಎಂದು ಮೆಲ್ಲಗೆ ಹೇಳಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವರ ಮುಖ ನೋಡಲೂ ನನಗೆ ಅಸಹ್ಯವಾಯಿತು.

ಅಣ್ಣನ ಜೊತೆಗಾರ ಗಾಡಿಯಲ್ಲಿದ್ದ ಅವನ ಚೀಲ ತಂದು ನನ್ನ ಕೈಗಿಟ್ಟ. ಭಾರವಾಗಿತ್ತು. ತೆರೆದರೆ ಅರ್ಥಿಂಗ್ ಸರಪಳಿ ಸುತ್ತಿಟ್ಟ ಹಾಗೆಯೇ ಒಳಗಿತ್ತು.

"ಇದ್ಯಾಕೆ ಇಲ್ಲಿದೆ? ಯಾಕೆ ಹಾಕಲಿಲ್ಲ?"

ಅವನು ತಲೆ ಎತ್ತಲಿಲ್ಲ.

"ನಾನು ಹೇಳ್ದೆ ಅಕ್ಕ. 'ಬೇರೆಯವರ ಪಾಳಿ ಆಗಿದ್ರೆ ಹಾಕ್ತಿದ್ದೆ ಕಣೋ. ಇವತ್ತು ಅಲ್ಲಿ ನನ್ನ ತಂಗಿ ಕೂತಿದಾಳೆ' ಅಂದ್ರು."