ರೂಢಿಯ ಮಾತು

ಶನಿವಾರದ ಬೆಳಗಿನ ಶಾಲೆ. ಸವಳಂಗದ ಆಚೆಯ ಆ ಊರಿನ ಪ್ರೌಢಶಾಲೆಯ ಹಿತ್ತಲಲ್ಲಿ ಒಂಬತ್ತನೇ ತರಗತಿಯ ಮಕ್ಕಳು ತಾವೇ ಕೂಡಿಸಿದ ಗೋಬರ್ ಗ್ಯಾಸಿನ ಡ್ರಮ್ಮಿನ ಸುತ್ತ ನೆರೆದಿದ್ದರು. ಡ್ರಮ್ಮಿನ ಪೈಪು ಸೇರಿದ್ದ ಹಳೇ ಲಾರಿ ಟ್ಯೂಬು ಉಬ್ಬತೊಡಗಿತ್ತು. ಸೋಮವಾರ ತಾಲ್ಲೂಕಿನಿಂದ ಬರುವ ಅಧಿಕಾರಿಗಳ ಮುಂದೆ ಒಲೆ ಹಚ್ಚಿ ತೋರಿಸಿ, ಎಲ್ಲವನ್ನೂ ವಿವರಿಸಬೇಕಿತ್ತು.

ವಿಜ್ಞಾನದ ಪ್ರೇಮಲತಾ ಮಿಸ್ ಕೆಲಸ ಹಂಚಿದರು. "ವೆಂಕಟೇಶ, ವಿವರಣೆ ನಿಂದು. ವಿನೋದ, ಚಾರ್ಟ್ ಹಿಡಿ. ಧನುಶ್ರೀ, ಸಗಣಿ ಕಲಸಮ್ಮ."

ಧನುಶ್ರೀ ಕದಲಲಿಲ್ಲ. "ಈ ಸಲ ನಾನು ವಿವರಿಸ್ತೀನಿ ಮಿಸ್. ಎಲ್ಲಾ ಕಲ್ತಿದೀನಿ."

"ಬಂದೋರ ಮುಂದೆ ತಡವರಿಸಿದ್ರೆ ಹೆಂಗೆ? ಕಲಸಾಕೆ ನಿಂಗೇ ರೂಢಿ ಐತೆ."

"ಎಲ್ಲಿ ರೂಢಿ ಮಿಸ್? ನಮ್ಮನ್ಯಾಗೆ ದನಾನೇ ಇಲ್ಲ. ಅಪ್ಪ ಪೋಸ್ಟ್ ಆಫೀಸಿಗೆ ಹೋಗ್ತಾರೆ. ನಾನು ಸಗಣಿ ಮುಟ್ಟಿದ್ದೇ ಈ ಡ್ರಮ್ಮು ಬಂದ್ಮೇಲೆ."

ವಿನೋದ ಕಿಸಕ್ಕನೆ ನಕ್ಕ. "ವೆಂಕಟೇಶನ ಮನ್ಯಾಗೆ ನಾಕು ಎಮ್ಮೆ ಅದಾವೆ ಮಿಸ್! ದಿನಾ ಸಗಣಿ ಬಾಚೋನು ಇವ್ನೇ!"

"ಸುಮ್ನಿರಲೇ," ಎಂದು ವೆಂಕಟೇಶ ಅವನ ಬೆನ್ನಿಗೆ ಗುದ್ದಿದ. ಮಕ್ಕಳೆಲ್ಲ ನಕ್ಕರು. ಧನುಶ್ರೀ ನಗಲಿಲ್ಲ.

ಪ್ರೇಮಲತಾರಿಗೆ ಉತ್ತರ ನಾಲಿಗೆಯ ತುದಿಗೇ ಬಂದಿತ್ತು: 'ಹಂಗಲ್ಲಮ್ಮ, ನಿಮ್ಮ ಕೇರಿಯೋರು...' ಅಲ್ಲಿಗೇ ನಿಂತಿತು. ಹುಡುಗಿಯ ಮನೆಯಲ್ಲಿ ದನವಿದೆಯೇ ಎಂದು ತಾನು ಯಾವತ್ತು ಕೇಳಿದ್ದೆ? ಮೊದಲ ದಿನ ಸಗಣಿಯ ಬಕೆಟ್ಟು ತಂದಿಟ್ಟಾಗ, ಇಡೀ ತರಗತಿಯನ್ನು ದಾಟಿಕೊಂಡು ತನ್ನ ಬೆರಳು ನೆಟ್ಟಗೆ ಆ ಕೇರಿಯ ಮಗುವಿನತ್ತ ಹೋಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಅದಾದ ಮೇಲೆ ಮಕ್ಕಳೂ ಯಾಕೆಂದು ಕೇಳದೆ ಬಕೆಟ್ಟನ್ನು ಅವಳ ಮುಂದೆಯೇ ತಂದಿಡುತ್ತಿದ್ದರು. ಅದನ್ನು ಕಲಿಸಿದವಳು ತಾನೇ.

"ನಂದು ತಪ್ಪಾತಮ್ಮ," ಎಂದರು. ದನಿ ಸಣ್ಣಗಾಗಿತ್ತು. ಎಲ್ಲರಿಗೂ ಕೇಳಲಿಲ್ಲ ಅನ್ನಿಸಿ ಇನ್ನೊಮ್ಮೆ ಹೇಳಿದರು.

ಆಮೇಲೆ ವಾಚು ಬಿಚ್ಚಿ, ಸೆರಗು ಸಿಕ್ಕಿಸಿ, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಇಳಿಸಿದರು. "ಬಾರೋ ವೆಂಕಟೇಶ, ನೀರು ಹಾಕು. ಧನುಶ್ರೀ, ನಾವೇ ಬಂದೋರು ಅಂದ್ಕೊಂಡು ಶುರು ಮಾಡು."

ಹುಡುಗಿ ಅವರತ್ತ ನೋಡಲಿಲ್ಲ. ಪೈಪಿನ ಪಕ್ಕ ಹೋಗಿ ನಿಂತಳು.

"ಜೋರಾಗಿ ಹೇಳ್ಲಾ ಮಿಸ್?"

"ಜೋರಾಗೇ ಹೇಳು."

ಅವಳು ಹೇಳತೊಡಗಿದಳು. ಒಂದು ಕಡೆಯೂ ತಡವರಿಸಲಿಲ್ಲ. ಪ್ರೇಮಲತಾ ತಲೆ ಎತ್ತಲಾಗದೆ, ಸಗಣಿ ಕಲಸುತ್ತಲೇ ಕೇಳಿಸಿಕೊಂಡರು.