ಕೂಸು ಹಾಲು ಬಿಟ್ಟ ಬೆಳಿಗ್ಗೆ

ನಮ್ಮ ನೆದೆಲ್ಯಕ್ಕನಿಗೆ ಮೊಮ್ಮಗ ಹುಟ್ಟಿ ಐದು ದಿನವಾಗಿತ್ತು. ನಮ್ಮ ಬಲ್ಗೇರಿಯಾದ ಹಳ್ಳಿಯಲ್ಲಿ ಕೇಳಬೇಕೆ? ಹೆಂಗಸರೆಲ್ಲ ಬಿಸಿ ರೊಟ್ಟಿ ಹಿಡಿದು ಬಂದರು, ಕೂಸನ್ನು ಎತ್ತಿ ಮುದ್ದಿಸಿದರು. ದೃಷ್ಟಿಯಾಗದಿರಲಿ ಎಂದು ಅದರ ಮುಖಕ್ಕೇ ಮೂರು ಸಲ 'ತೂ ತೂ ತೂ' ಎಂದು ಉಗಿದು ಹೋದರು.

ಮರುದಿನ ಬೆಳಿಗ್ಗೆ ಸೊಸೆ ದಿಲ್ಯಾನಾ ಬೇಲಿಯಾಚೆಯಿಂದ ಕೂಗಿದಳು. "ಪೇನ್ಕಾ ಚಿಕ್ಕಮ್ಮಾ, ಕೂಸು ಹಾಲೇ ಕುಡೀತಿಲ್ಲ!"

ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದವಳು ನಾನು. ಮಾಡುತ್ತಿದ್ದ ಕೆಲಸ ಬಿಟ್ಟು ಓಡಿದೆ. ಅಲ್ಲಿ ನೆದೆಲ್ಯಕ್ಕ ಬಟ್ಟಲ ನೀರಿಗೆ ಕೆಂಡ ಹಾಕುತ್ತಿದ್ದಳು.

"ನೋಡೇ, ಕೆಂಡ ಮುಳುಗ್ತು. ದೃಷ್ಟಿನೇ! ನಿನ್ನೆ ರೊಟ್ಟಿ ತಂದಿದ್ಲಲ್ಲ ಆ ಗ್ಯಾನಾ, ಕೂಸನ್ನ ಬಾಯ್ತುಂಬ ಹೊಗಳಿದ್ಲು, ಒಂದ್ಸಲನೂ ಉಗೀಲಿಲ್ಲ."

"ನಿನ್ನ ಗ್ಯಾನಾ ಹಾಳಾಗ್ಲಿ, ಕೂಸು ತೋರ್ಸು."

ಕೈ ತೊಳೆದು ಮುಟ್ಟಿದೆ. ಮೈ ತಣ್ಣಗಿತ್ತು. ಅಂಗಾಲು ತಟ್ಟಿದರೂ ಅಳಲಿಲ್ಲ. ಉಸಿರು ಮಾತ್ರ ಒಂದೇ ಸಮನೆ ಜೋರಾಗಿ ಓಡುತ್ತಿತ್ತು. ನಾನು ದಿಲ್ಯಾನಾ ಕಡೆ ತಿರುಗಿದೆ.

"ರಕ್ತಕ್ಕೆ ಸೋಂಕು ಹತ್ತಿದ ಹಾಗಿದೆ. ಕಾರು ತೆಗೀರಿ, ಈಗ್ಲೇ!"

"ಆಸ್ಪತ್ರೆಗಾ?" ನೆದೆಲ್ಯಕ್ಕ ಸಿಡಿದಳು. "ಅಲ್ಲಿಂದಾನೇ ಹತ್ತಿರ್ಬೇಕು! ಹೆರಿಗೆಗೆ ಹೋದಾಗ ಕೈ ತೊಳೆಯೋಕೆ ಸೋಪೂ ಇರ್ಲಿಲ್ಲ ಅಲ್ಲಿ."

ಸುಳ್ಳು ಹೇಳಲಾರೆ, ಮಾತು ಚುಚ್ಚಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅವಸರದಲ್ಲಿ ಕೈ ತೊಳೆಯದೆ ಒಂದು ತೊಟ್ಟಿಲಿನಿಂದ ಇನ್ನೊಂದಕ್ಕೆ ಹೋದವಳೇ. ಒಂದು ಕೂಸು ತೀರಿಕೊಂಡ ಮೇಲೆ ಬುದ್ಧಿ ಬಂತು.

"ಅಲ್ಲೂ ಹತ್ತಿರ್ಬಹುದು, ನಮ್ಮ ಕೈಯಿಂದ್ಲೂ ಹತ್ತಿರ್ಬಹುದು, ಅಕ್ಕಾ. ಆದ್ರೆ ಔಷಧಿ ಇರೋದು ಅಲ್ಲೇ. ಸೋಪು ನಾನು ತರ್ತೀನಿ, ನಡಿ!"

ದಿಲ್ಯಾನಾ ಅತ್ತೆಯ ಮುಖ ನೋಡಲಿಲ್ಲ. ಕೂಸನ್ನು ಎದೆಗವಚಿಕೊಂಡು ಕಾರು ಹತ್ತಿದಳು. ಹಿಂದೆಯೇ ನಾನೂ ನೆದೆಲ್ಯಕ್ಕನೂ ಹತ್ತಿದೆವು.

ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿ, ಫಲಿತಾಂಶಕ್ಕೂ ಕಾಯದೆ ಔಷಧಿ ಶುರುಮಾಡಿದರು. "ಸಂಜೆವರೆಗೆ ತಡ ಮಾಡಿದ್ರೆ ಕೈ ಮೀರ್ತಿತ್ತು" ಎಂದರು. ಕೂಸಿನ ಹತ್ತಿರ ಬಂದವರನ್ನೆಲ್ಲ ದಿಲ್ಯಾನಾ ಕೇಳುತ್ತಿದ್ದಳು, "ಕೈ ತೊಳೆದ್ರಾ?" ಡಾಕ್ಟರನ್ನೂ ಬಿಡಲಿಲ್ಲ. ಅವರು ನಕ್ಕು ತೊಳೆದುಕೊಂಡು ಬಂದರು. ನಾಲ್ಕನೇ ದಿನ ಕೂಸು ಚಪ್ಪರಿಸಿಕೊಂಡು ಹಾಲು ಕುಡಿಯಿತು. ನಾವು ಮೂವರೂ ಅತ್ತೆವು.

ಕೂಸು ಮನೆಗೆ ಬಂದ ದಿನ ಹೆಂಗಸರು ಮತ್ತೆ ರೊಟ್ಟಿ ಹಿಡಿದು ಬಂದರು. ನೆದೆಲ್ಯಕ್ಕ ನೀರು, ಸೋಪು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮೊದ್ಲು ಕೈ! ಉಗಿಯೋದಿದ್ರೆ ಅಲ್ಲೇ ಅಂಗಳದಲ್ಲಿ ಉಗೀರಿ, ದೃಷ್ಟಿ ಅಲ್ಲಿಂದಾನೂ ಹೋಗುತ್ತೆ!"

ತಾಯಂದಿರೇ, ಹಸುಗೂಸು ಹಾಲು ಬಿಟ್ಟರೆ, ಮೈ ಸುಡುತ್ತಿದ್ದರೆ ಇಲ್ಲವೇ ತಣ್ಣಗಾದರೆ, ಉಸಿರು ಜೋರಾದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಿ. ಕೂಸನ್ನು ಮುಟ್ಟಲು ಯಾರೇ ಬರಲಿ, ಕೈ ತೊಳೆದಿರಾ ಎಂದು ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ನಿಮ್ಮ ಕೂಸಿಗೆ ಕೇಳಲು ಬಾಯಿಲ್ಲ, ನಿಮಗಿದೆ.